ತಣ್ಣಗಿಡು ತಾಯೀ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಊರಮ್ಮನ ಗುಡಿ ಮುಂದೆ ಕೈಮುಗಿದು ನಿಂತವರ ತುಟಿ ಗಮನಿಸಿ. ಹೆಚ್ಚಿನವರು ಹೇಳುವುದು ಎರಡೇ ಮಾತು: ತಣ್ಣಗಿಡು ತಾಯೀ. ತೆಲುಗು ಮನೆಮಾತಿನವರಾದರೆ ‘ಚಲ್ಲಗಾ ಚೂಡು ತಲ್ಲೀ’. ಗಂಗಮ್ಮ, ಸಪ್ಪಲಮ್ಮ, ಮಾರಮ್ಮ, ಚೌಡೇಶ್ವರಿ, ಹೆಸರು ಯಾವುದಾದರೂ ಬೇಡಿಕೆ ಅದೇ. ಮಗಳ ಮದುವೆ ಕೂಡಿಬರಬೇಕು, ಬೋರ್‌ವೆಲ್ ಬತ್ತಬಾರದು, ಮನೆಯ ಗಂಡಸು ಕುಡಿತ ಬಿಡಬೇಕು, ಮಂಡಿಯಲ್ಲಿ ಟೊಮೆಟೊ ಬೆಲೆ ನಿಲ್ಲಬೇಕು. ಒಳಗಿರುವುದು ನೂರು, ಬಾಯಿಗೆ ಬರುವುದು ಮಾತ್ರ ‘ತಣ್ಣಗೆ’. ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ, ಅವಳಿಗೆ ಗೊತ್ತು ಅನ್ನುವ ಸಲಿಗೆ ಅದು.

ಆ ಒಂದು ಮಾತನ್ನು ಕೈಯಲ್ಲಿ ಮಾಡಿ ತಲೆ ಮೇಲೆ ಹೊತ್ತು ತಂದರೆ ಅದೇ ತಂಬಿಟ್ಟಿನ ದೀಪ. ತಂಬಿಟ್ಟನ್ನು ‘ತಂಪು ಹಿಟ್ಟು’ ಎಂದು ಬಿಡಿಸಿ ಹೇಳುವುದುಂಟು. ದೀಪದ ತಂಬಿಟ್ಟನ್ನು ಒಲೆಗೆ ತೋರಿಸುವುದಿಲ್ಲ. ನೀರಲ್ಲಿ ನೆನೆದ ಅಕ್ಕಿ, ಬೆಲ್ಲ, ತುಪ್ಪ, ಅಷ್ಟೇ. ಮೈಯೆಲ್ಲ ತಂಪು, ನೆತ್ತಿಯ ಮೇಲೆ ಮಾತ್ರ ಬೆಂಕಿ. ಬೇಸಿಗೆಯ ಊರು, ಜ್ವರ ಬಂದ ಮಗು, ಕಾದ ಹೊಲ, ಇವನ್ನೆಲ್ಲ ಹೊತ್ತುಕೊಂಡ ತಾಯಿಗೆ ಇದಕ್ಕಿಂತ ಹೊಂದುವ ಕಾಣಿಕೆ ಇನ್ನೊಂದಿಲ್ಲ.

ಮಾಡುವ ಕ್ರಮ ಸುಲಭವಾಗಿ ಕಾಣುತ್ತದೆ, ಕೆಡುವುದೂ ಅಷ್ಟೇ ಸುಲಭ. ಒಂದು ಸೇರಿನ ದೀಪ ಅಂದರೆ ನಾಲ್ಕು ಪಾವು ಅಕ್ಕಿ, ತೂಕದಲ್ಲಿ ಸುಮಾರು 1 ಕೆ.ಜಿ. ಹಸಿ ಅಕ್ಕಿಯೇ ಆಗಬೇಕು. ಕುಸುಬಲಕ್ಕಿ ಬೆಂದ ಅಕ್ಕಿ, ಅದು ಸಲ್ಲದು. ನುಚ್ಚು ಕೂಡ ಬೇಡ, ದೇವರ ಕೆಲಸಕ್ಕೆ ಮುರಿಯದ ಕಾಳು ಇರಲಿ ಅನ್ನುವುದು ಹಿರಿಯರ ಪಟ್ಟು. ಎರಡು ಮೂರು ನೀರಲ್ಲಿ ತೊಳೆದು 3ರಿಂದ 4 ಗಂಟೆ ನೆನೆಸಿ, ಬುಟ್ಟಿಯಲ್ಲಿ ಬಸಿದು, ನೆರಳಲ್ಲಿ ಬಿಳಿ ಬಟ್ಟೆಯ ಮೇಲೆ ಹರಡಬೇಕು. ಅರ್ಧ ಗಂಟೆಯೊಳಗೆ ಹದ ಬರುತ್ತದೆ. ಅಂಗೈ ಇಟ್ಟರೆ ಅಕ್ಕಿ ತಣ್ಣಗಿರಬೇಕು, ಆದರೆ ಕೈಗೆ ನೀರು ಅಂಟಬಾರದು. ಬಿಸಿಲಿಗೆ ಹಾಕಿದರೂ ಫ್ಯಾನಿನ ಕೆಳಗೆ ಮರೆತರೂ ಪೂರ್ತಿ ಒಣಗಿ, ಹಿಟ್ಟು ಮರಳಿನ ಹಾಗಾಗುತ್ತದೆ.

ಒರಳಿದ್ದರೆ ಕುಟ್ಟುವುದು ಒಳ್ಳೆಯದು, ಇಲ್ಲದಿದ್ದರೆ ಗಿರಣಿ. ಗಿರಣಿಯ ಹಿಟ್ಟು ಬಿಸಿಯಾಗಿ ಬರುತ್ತದೆ, ತಟ್ಟೆಗೆ ಸುರಿದು ಆರಲು ಬಿಡದೆ ಬೆಲ್ಲ ಬೆರೆಸಿದರೆ ಬೆಲ್ಲ ಅಲ್ಲೇ ಕರಗುತ್ತದೆ. ಜರಡಿ ಹಿಡಿದ ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿ ನೋಡಿ: ಉಂಡೆ ನಿಲ್ಲಬೇಕು, ಬೆರಳಿಂದ ತಿವಿದರೆ ಪುಡಿಯಾಗಬೇಕು.

ಒಂದು ಸೇರಿಗೆ ಬೆಲ್ಲ 500ರಿಂದ 600 ಗ್ರಾಂ. ಸಿಹಿ ಚೆನ್ನಾಗಿರಲಿ ಎಂದು ಸಮಸಮ ಹಾಕುವವರ ದೀಪವೇ ಮೆರವಣಿಗೆಯ ಅರ್ಧ ದಾರಿಯಲ್ಲಿ ಕುಸಿಯುವುದು. ಬೆಲ್ಲವನ್ನು ತುರಿದು ಅಥವಾ ಜಜ್ಜಿ ಹಿಟ್ಟಿಗೆ ಸೇರಿಸಿ ಒರಳಲ್ಲಿ ಇನ್ನೊಮ್ಮೆ ಕುಟ್ಟಬೇಕು. ನೀರು ಒಂದು ಹನಿಯೂ ಬೇಡ. ಹಿಟ್ಟಿನ ಪಸೆಗೆ ಬೆಲ್ಲ ಕರಗಿ ತಾನೇ ಹಿಡಿದುಕೊಳ್ಳುತ್ತದೆ. ಆದರೆ ಆ ಕರಗುವಿಕೆ ನಾವು ಕೈ ತೆಗೆದ ಕೂಡಲೇ ನಿಲ್ಲುವುದಿಲ್ಲ, ಕಲಸಿಟ್ಟ ಹತ್ತು ಹದಿನೈದು ನಿಮಿಷದ ಮೇಲೂ ಸಡಿಲವಾಗುತ್ತಲೇ ಇರುತ್ತದೆ. ಹಾಗಾಗಿ ಕಾಲು ಪಾವು ಹಿಟ್ಟು ಪಕ್ಕಕ್ಕೆ ತೆಗೆದಿಟ್ಟುಕೊಂಡು, ಸ್ವಲ್ಪ ಬಿಗಿಯಾಗಿಯೇ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಬಿಟ್ಟು, ಆಮೇಲೆ ಹದ ನೋಡಿ ಸರಿಪಡಿಸಬೇಕು. ಪ್ಯಾಕೆಟ್ ಹಿಟ್ಟು ತಂದವರಿಗೆ ಇಲ್ಲೇ ಪೆಟ್ಟು ಬೀಳುವುದು. ಅದು ಒಣ ಹಿಟ್ಟು, ಕೂಡುವುದಿಲ್ಲ ಎಂದು ನೀರು ಚಿಮುಕಿಸುತ್ತಾರೆ, ನೀರು ಬೆಲ್ಲ ಸೇರಿ ಪಾಕವಾಗುತ್ತದೆ, ದೀಪ ಕೂತಲ್ಲೇ ಹರಡಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಬೀದಿಯಲ್ಲಿ ತಮಟೆ ಕೇಳಿಸುತ್ತಿರುತ್ತದೆ.

ಕೈಗೆ ತುಪ್ಪ ಸವರಿಕೊಂಡು ಬುಡ ಅಗಲವಾಗಿ, ಮೇಲೆ ಕಿರಿದಾಗಿ ದಿಬ್ಬದಂತೆ ಒತ್ತಿ ಕಟ್ಟಬೇಕು. ನೆತ್ತಿಯಲ್ಲಿ ಹೆಬ್ಬೆರಳಿನ ಮೊದಲ ಗೆಣ್ಣು ಮುಳುಗುವಷ್ಟು ಗುಳಿ, ಅದರ ಸುತ್ತಲಿನ ಗೋಡೆ ಒಂದು ಬೆರಳು ದಪ್ಪ. ತೆಳುವಾದರೆ ಉರಿಯ ಕಾವಿಗೆ ಬಿರಿದು ತುಪ್ಪ ಸೋರುತ್ತದೆ. ಗುಳಿಯ ಒಳಗೆ ಗಟ್ಟಿ ತುಪ್ಪ ಬಳಿದು ಬಿರುಕು ಮುಚ್ಚಿ. ಕಾಯಿಸಿದ ತುಪ್ಪ ಸುರಿದರೆ ಹಿಟ್ಟು ಕುಡಿದುಬಿಡುತ್ತದೆ, ಅರೆ ಹೆಪ್ಪಿನ ತುಪ್ಪವೇ ಬಾಳಿಕೆ. ಬತ್ತಿ ಎರಡೆಳೆ ಕೂಡಿಸಿ ಹೊಸೆದದ್ದಾಗಿರಲಿ, ಹಿಂದಿನ ಸಂಜೆಯೇ ತುಪ್ಪದಲ್ಲಿ ನೆನೆದಿರಲಿ. ತುದಿ ಗುಳಿಯ ನಡುವಲ್ಲಿ ನೆಟ್ಟಗೆ ನಿಲ್ಲಬೇಕು, ಅಂಚಿಗೆ ಒರಗಿದರೆ ಬೆಲ್ಲ ಕರಕಲಾಗಿ ವಾಸನೆ ಬರುತ್ತದೆ. ಈಚೆಗೆ ತಂಬಿಟ್ಟಿನ ತಲೆಯಲ್ಲಿ ಮಣ್ಣಿನ ಹಣತೆ ಕೂರಿಸುತ್ತಾರೆ. ಅನುಕೂಲ ಇದೆ, ಒಪ್ಪೋಣ. ಆದರೆ ಹಿಟ್ಟೇ ಉರಿಯನ್ನು ಹಿಡಿದುಕೊಳ್ಳುವುದರಲ್ಲಿ ಈ ದೀಪದ ಜೀವ ಇದೆ, ಹಣತೆ ಇಟ್ಟರೆ ತಂಬಿಟ್ಟು ಬರೀ ಪೀಠವಾಗುತ್ತದೆ.

ಅರಿಶಿನ ಕುಂಕುಮದ ಪಟ್ಟೆ, ಬುಡಕ್ಕೆ ಬೇವಿನ ಎಲೆ, ಸುತ್ತ ಕನಕಾಂಬರ, ಸೇವಂತಿಗೆ. ಹೂವನ್ನು ಉರಿಯಿಂದ ನಾಲ್ಕು ಬೆರಳು ಕೆಳಗೇ ಸುತ್ತಬೇಕು.

ಇಷ್ಟು ಕೆಲಸವನ್ನು ಉಪವಾಸದಲ್ಲಿ, ಮಡಿಯಲ್ಲಿ, ಬೆಳಗಿನಿಂದ ಸಂಜೆವರೆಗೆ ಮಾಡುವ ಹೆಂಗಸು ಆ ಹೊತ್ತಲ್ಲಿ ಮಂತ್ರ ಹೇಳುವುದಿಲ್ಲ. ಕೈ ಹಿಟ್ಟಿನಲ್ಲಿರುತ್ತದೆ, ಮನಸ್ಸು ಯಾರಿಗಾಗಿ ಹರಕೆ ಹೊತ್ತಿದ್ದಾಳೋ ಅವರಲ್ಲಿರುತ್ತದೆ. ಆ ಎರಡೂ ಕೂಡುವುದನ್ನೇ ನಮ್ಮ ಕಡೆ ಪ್ರಾರ್ಥನೆ ಎಂದು ತಿಳಿಯಬೇಕು. ಗಮನಿಸಿದರೆ, ತನಗಾಗಿ ಹರಕೆ ಹೊತ್ತವರು ತೀರಾ ಕಡಿಮೆ. ಮಗನಿಗೆ, ಸೊಸೆಯ ಹೆರಿಗೆಗೆ, ತಮ್ಮನ ಕೋರ್ಟ್ ಕೇಸಿಗೆ, ಹಾಲು ಬತ್ತಿದ ಹಸುವಿಗೆ. ಅವಳ ಕಾಲುನೋವು ಯಾವ ಹರಕೆಯ ಪಟ್ಟಿಗೂ ಬರುವುದಿಲ್ಲ.

ಹರಕೆ ಶುರುವಾಗುವುದು ಮುಡುಪಿನಿಂದ. ಅರಿಶಿನದ ನೀರಲ್ಲಿ ಅದ್ದಿದ ಬಟ್ಟೆ ತುಂಡು, ಅದರಲ್ಲಿ ನಾಣ್ಯ, ಮೂರು ಗಂಟು, ದೇವರ ಗೂಡಿನಲ್ಲಿ ಜಾಗ. ಬಟ್ಟೆ ಚೆನ್ನಾಗಿ ಒಣಗಿದ ಮೇಲೆ ಕಟ್ಟಬೇಕು. ಪಸೆ ಉಳಿದರೆ ನಾಣ್ಯ ಕಪ್ಪಾಗುತ್ತದೆ, ನೋಟಾದರೆ ಬೂಷ್ಟು ಹಿಡಿಯುತ್ತದೆ. ಹಿಂದೆ ಒಂದೂಕಾಲು ರೂಪಾಯಿ ಕಟ್ಟುವುದು ವಾಡಿಕೆ. 2011ರ ಜೂನ್ ಕೊನೆಗೆ ನಾಲ್ಕಾಣೆ ಚಲಾವಣೆ ನಿಂತ ಮೇಲೆ 11, 21, 101 ಬಂತು. ಹಳೆಯ ನಾಲ್ಕಾಣೆಯನ್ನು ಮುಡುಪಿಗೆಂದೇ ಡಬ್ಬಿಯಲ್ಲಿ ಜೋಪಾನ ಮಾಡಿದ ಅಜ್ಜಿಯರಿದ್ದಾರೆ. ಯಾರಿಗಾಗಿ, ಯಾವ ದೇವರಿಗೆ ಎಂದು ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿರಬೇಕು. ಕಟ್ಟಿದವರು ತೀರಿಕೊಂಡು, ಗೂಡಿನಲ್ಲಿ ನಾಲ್ಕು ಮುಡುಪು ಸಿಕ್ಕಿ, ಯಾವುದು ಯಾರದೆಂದು ತಿಳಿಯದೆ ಮಕ್ಕಳು ಪೇಚಾಡುವುದು ಎಲ್ಲ ಊರಿನಲ್ಲೂ ಉಂಟು. ಹಾಗಾದಾಗ ಎಲ್ಲವನ್ನೂ ಊರಮ್ಮನ ಹುಂಡಿಗೆ ಹಾಕಿ ಒಂದು ದೀಪ ಬೆಳಗಿದರೆ ಸಾಕು.

ಹರಕೆ ಅಂದರೆ ದೇವರ ಜೊತೆ ವ್ಯಾಪಾರ ಎಂದು ಮೂಗು ಮುರಿಯುವವರು ಒಮ್ಮೆ ಸಿಡುಬಿನ ವಿಷಯ ಯೋಚಿಸಬೇಕು. ಮಾರಮ್ಮನಿಗೆ ಬೇವು, ಮಜ್ಜಿಗೆ, ತಂಬಿಟ್ಟು ಒಪ್ಪಿಸುತ್ತಿದ್ದ ದೊಡ್ಡ ಕಾರಣ ಆ ರೋಗ. ನಮ್ಮ ದೇಶದಲ್ಲಿ ಅದು ಕೊನೆಯದಾಗಿ ಕಾಣಿಸಿದ್ದು 1975ರಲ್ಲಿ, 1980ರಲ್ಲಿ ಜಗತ್ತಿನಿಂದಲೇ ಹೋಯಿತು ಎಂದು ಸಾರಿದರು. ಲಸಿಕೆ ಹಾಕಿದವರ ಶ್ರಮ ಅದು, ಅದನ್ನು ಮರೆಯುವ ಹಾಗಿಲ್ಲ. ಬರೀ ವ್ಯಾಪಾರವಾಗಿದ್ದರೆ ಅವತ್ತಿಗೆ ಲೆಕ್ಕ ಚುಕ್ತಾ ಆಗಬೇಕಿತ್ತು. ದೀಪ ನಿಲ್ಲಲಿಲ್ಲ. ಕೇಳಿದ್ದು ಸಿಗದವರೂ ಮರು ವರ್ಷ ದೀಪ ಹೊರುತ್ತಾರೆ. ಮಗುವನ್ನು ಕಳೆದುಕೊಂಡ ತಾಯಿ ಕೂಡ ಹೊರುತ್ತಾಳೆ, ಅವಳು ತಾಯಿಯ ಹತ್ತಿರ ಜಗಳವಾಡಿಕೊಂಡೇ ಹೊರುತ್ತಾಳೆ. ಆ ಜಗಳವೂ ಪ್ರಾರ್ಥನೆಯೇ, ದೂರದವರ ಹತ್ತಿರ ಯಾರೂ ಜಗಳವಾಡುವುದಿಲ್ಲ.

ಕಾವಿನ ಹೆಸರು ಮಾತ್ರ ಬದಲಾಗುತ್ತ ಬಂದಿದೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಸೀಮೆ ಇದು. ಸಾವಿರ ಅಡಿ ದಾಟಿದ ಬೋರ್‌ವೆಲ್‌ನಿಂದ ಬರೀ ದೂಳು ಬಂದಾಗ ಆ ಮನೆಯಲ್ಲಿ ಜ್ವರ ಬಂದ ಹಾಗೆಯೇ ಆಗುತ್ತದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. ಆ ನೀರಿನ ಶುದ್ಧಿಯ ಬಗ್ಗೆ ವಾದ ಇದ್ದೇ ಇದೆ. ಆದರೂ ಕೆರೆ ಅಂಗಳದಲ್ಲಿ ನೀರು ಕಂಡವರು ಮೊದಲು ಅರಿಶಿನ ಕುಂಕುಮ ಬಿಟ್ಟು ಗಂಗಮ್ಮ ಎಂದೇ ಕೈಮುಗಿಯುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಮನೆಗಳಲ್ಲಿ ಇನ್ನೊಂದು ಜ್ವರವಿದೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಮೇವು ಬಿಟ್ಟು, ತಲೆ ಎತ್ತಿ, ಮಿಸುಕದೆ ಕೂರುವ ಆ ಹೊತ್ತನ್ನು ಸಾಕುವವರು ‘ಜ್ವರ’ ಎಂದೇ ಕರೆಯುತ್ತಾರೆ. ಏಪ್ರಿಲ್ ಬಿಸಿಲಿಗೆ ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ನಾಲ್ಕನೇ ಜ್ವರ ಎದ್ದ ಹುಳುವಿಗೆ ಹಾಲುತೊಂಡೆ ರೋಗ ಬಾರದಿರಲಿ ಎಂದು ಬಾಗಿಲಿಗೆ ಬೇವು ಸಿಕ್ಕಿಸುವ ರೈತನೂ ಕೇಳುವುದು ಅದನ್ನೇ: ತಣ್ಣಗಿಡು. ಗೋಣಿ ಒದ್ದೆ ಮಾಡುವುದು ಅವನ ಪಾಲು, ಮಿಕ್ಕಿದ್ದು ಅವಳ ಪಾಲು.

ದೇವಿ ಉಗ್ರಳು ಅನ್ನುವ ಭಾವನೆ ಹೇಗೆ ಬಾಳುತ್ತದೆ ಎಂದು ತಿಳಿಯಲು ಕೋಲಾರದ ಕೋಲಾರಮ್ಮನ ಗುಡಿಗೆ ಹೋಗಬೇಕು. ಚೋಳರ ಕಾಲದ ಗುಡಿ. ಅಲ್ಲಿ ಅಮ್ಮನ ಮುಖವನ್ನು ನೇರವಾಗಿ ನೋಡುವುದಿಲ್ಲ, ಕನ್ನಡಿಯಲ್ಲಿ ಕಾಣುವ ರೂಪಕ್ಕೆ ಕೈಮುಗಿಯಬೇಕು. ಮೊದಲ ಸಲ ಹೋದವರು ಗಾಬರಿಯಲ್ಲಿ ಕನ್ನಡಿ ಬಿಟ್ಟು ಬೇರೆಲ್ಲೋ ನೋಡುತ್ತಾರೆ. ಒಂದು ಕ್ಷಣ ನಿಂತು ಕಣ್ಣು ಹೊಂದಿಸಿಕೊಂಡರೆ ರೂಪ ಸಿಗುತ್ತದೆ. ಅದೇ ಪ್ರಾಕಾರದಲ್ಲಿ ಚೇಳಮ್ಮ ಇದ್ದಾಳೆ. ಚೇಳು ಕಚ್ಚದಿರಲಿ ಎಂದು ಬೇಡಿ, ಅಲ್ಲಿ ನೆಲದೊಳಗಿನ ಹಳೆಯ ಹುಂಡಿಗೆ ಕಾಸು ಹಾಕುತ್ತಾರೆ. ಕಲ್ಲುಗುಡ್ಡದ ಈ ನೆಲದಲ್ಲಿ ಕಡಲೆಕಾಯಿ ಕೀಳುವವರಿಗೆ, ಸೌದೆ ಎತ್ತುವವರಿಗೆ ಅದು ದಿನದಿನದ ಭಯ. ಹೊಲಕ್ಕೆ ಇಳಿಯುವ ಮುಂಚೆ ಅವಳ ನೆನಪಾದರೆ ಕೈ ಕಲ್ಲಿನ ಸಂದಿಗೆ ಹೋಗುವ ಮೊದಲು ಕಣ್ಣು ಹೋಗುತ್ತದೆ.

ದೀಪೋತ್ಸವದ ಸಂಜೆಗೆ ಬರೋಣ. ಯುಗಾದಿ ಕಳೆದು ಮುಂಗಾರು ಹಿಡಿಯುವುದರೊಳಗೆ ಬಹಳಷ್ಟು ಊರುಗಳಲ್ಲಿ ಇದು ಮಂಗಳವಾರವೋ ಶುಕ್ರವಾರವೋ ನಡೆಯುತ್ತದೆ. ಒಂದು ಸೇರಿನದು ಯಾರಾದರೂ ಹೊರಬಹುದು. ಐದು ಸೇರಿನ ಹರಕೆ ಹೊತ್ತವರಿಗೆ ಅಕ್ಕಿ ಬೆಲ್ಲ ಸೇರಿ 8 ಕೆ.ಜಿ., ಹಿತ್ತಾಳೆ ತಟ್ಟೆ, ಹೂವು ಬೇರೆ. ತಲೆಯ ಮೇಲೆ ಸಿಂಬಿ ಬಿಗಿಯಾಗಿರಬೇಕು, ಹೊಸ ರೇಷ್ಮೆ ಬಟ್ಟೆಯ ಸಿಂಬಿ ಜಾರುತ್ತದೆ, ಹಳೆ ಹತ್ತಿ ಸೀರೆಯದೇ ವಾಸಿ. ಪಕ್ಕದಲ್ಲಿ ಒಬ್ಬ ಹುಡುಗಿ ಸಣ್ಣ ಚೊಂಬಿನಲ್ಲಿ ತುಪ್ಪ, ಎರಡು ಬತ್ತಿ ಹಿಡಿದು ನಡೆಯಲಿ. ಬೀದಿಯ ಮನೆಯವರು ಬೇವಿನೆಲೆ ಹಾಕಿದ ನೀರನ್ನು ದೀಪ ಹೊತ್ತವರ ಪಾದಕ್ಕೆ ಸುರಿಯುತ್ತಾರೆ. ಹಗಲೆಲ್ಲ ಕಾದ ಟಾರು ರಸ್ತೆಯಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಆ ನೀರಿನ ಬೆಲೆ ಗೊತ್ತು.

ಗಾಳಿಗೆ ದೀಪ ಆರುವುದುಂಟು. ಅಪಶಕುನ ಎಂದು ಕಣ್ಣೀರು ಹಾಕುವ ಎಳೆಯ ಸೊಸೆಯರನ್ನು ಹೆದರಿಸಬಾರದು. ಗಾಳಿಯೂ ಅವಳದೇ. ಪಕ್ಕದವಳ ದೀಪದಿಂದ ಬತ್ತಿ ಹಚ್ಚಿಕೊಂಡು ನಡೆದರೆ ಆಯಿತು. ನೂರು ಮನೆಯ ದೀಪ ಒಟ್ಟಿಗೆ ಹೋಗುವುದೇ ಅದಕ್ಕೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ದಾರಿಯುದ್ದಕ್ಕೂ ತಮಟೆ ಬಡಿದವರ ಮನೆಯ ದೀಪ ಕೊನೆಗೆ ನಿಲ್ಲುವ ಊರು, ಗುಡಿಯ ಹೊರಗೇ ನಿಲ್ಲುವ ಊರು ಇನ್ನೂ ಇದೆ. ಅವರ ತಂಬಿಟ್ಟಿನಲ್ಲೂ ಅದೇ ಅಕ್ಕಿ, ಅದೇ ಬೆಲ್ಲ, ಅದೇ ಬೇಡಿಕೆ. ಊರಮ್ಮ ಅಂದರೆ ಇಡೀ ಊರಿನ ಅಮ್ಮ. ಒಂದು ಕೇರಿಯನ್ನು ಬಿಸಿಲಲ್ಲಿ ನಿಲ್ಲಿಸಿ ತಣ್ಣಗಿಡು ಎಂದು ಕೇಳಲು ನಮಗೆ ಬಾಯಿ ಬರಬಾರದು.

ಆರತಿ ಮುಗಿದ ಮೇಲೆ ದೀಪವನ್ನು ಬಾಯಲ್ಲಿ ಊದಬಾರದು. ತುಪ್ಪ ತೀರಿ ತಾನೇ ಶಾಂತವಾಗಲಿ, ಅವಸರವಿದ್ದರೆ ಹೂವಿನಿಂದ ಒತ್ತಿ. ಒಂದು ತುಂಡು ಗುಡಿಗೆ ಕೊಟ್ಟು ಉಳಿದದ್ದು ಮನೆಗೆ ಬರುತ್ತದೆ. ನೆತ್ತಿಯ ಕರಕಲನ್ನು ಚಿವುಟಿ ಹಸುವಿಗೆ ಹಾಕಿ. ಹಸಿ ಹಿಟ್ಟಿನದಾದ್ದರಿಂದ ಮರುದಿನ ಸಂಜೆಗೆ ಹುಳಿ ವಾಸನೆ ಹಿಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಹಾಗಾಗಿ ರಾತ್ರಿಯೇ ಮುರಿದು ಹಂಚಬೇಕು. ಸೂತಕವೆಂದು ಈ ಸಲ ದೀಪ ಹೊರದ ಮನೆ ಬೀದಿಯಲ್ಲಿ ಒಂದಾದರೂ ಇರುತ್ತದೆ. ಮೊದಲ ಪಾಲನ್ನು ಎಲೆಯಲ್ಲಿ ಕಟ್ಟಿ, ಬೇವಿನ ಎಸಳು ಇಟ್ಟು, ಆ ಮನೆಗೆ ಕಳಿಸುತ್ತಾರೆ.