ಕೊನೆಯ ಇನ್ನೊಂದು ನಮಾನ್ ಮರಿಯೆ

ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರಕ್ಕೆ ಹೋದವರಿಗೆಲ್ಲ ಮೊದಲು ಬಾಲಯೇಸುವಿನ ಕಿರೀಟ, ಅಂಗಿ ಕಾಣುತ್ತದೆ. ನನ್ನ ಕಣ್ಣು ಹೋಗುವುದು ಕೈಗಳ ಕಡೆಗೆ. ಪ್ರಾಗ್ ನಗರದ ಮೂಲ ಪ್ರತಿಮೆಗೆ ಒಂದು ಕಾಲದಲ್ಲಿ ಕೈಗಳೇ ಇರಲಿಲ್ಲ ಅಲ್ವಾ? 1631ರಲ್ಲಿ ಸೈನಿಕರು ಮಠಕ್ಕೆ ನುಗ್ಗಿದಾಗ ಅದು ಕೈ ಮುರಿದು ಕಸದ ಪಾಲಾಯಿತು. 1637ರಲ್ಲಿ ಫಾದರ್ ಸಿರಿಲ್ ಮರಳಿ ಬಂದು ಹುಡುಕಿ ತೆಗೆದರು. ಕೈ ಸರಿ ಮಾಡಿಸಿ ಎಂದು ಮಠದ ಹಿರಿಯರನ್ನು ಕೇಳಿದರೆ ದುಡ್ಡಿಲ್ಲ ಎಂಬ ಉತ್ತರ. ದುಡ್ಡು ಬಂದಾಗ ಹಿರಿಯರು ಹೊಸ ಪ್ರತಿಮೆಯನ್ನೇ ತಂದರಂತೆ! ಸಿರಿಲ್ ಸಿಟ್ಟು ಮಾಡಿಕೊಂಡು ಕೂರಲಿಲ್ಲ. ಮತ್ತೆ ಮೊಣಕಾಲೂರಿದರು, ಮತ್ತೆ ಕೇಳಿದರು. ಕೊನೆಗೆ ಯಾರೋ ಅಪರಿಚಿತರು ಖರ್ಚು ಕೊಟ್ಟು ಕೈ ಸರಿಮಾಡಿಸಿದರು ಎಂದು ಕಥೆ.

ಬಿಕರ್ನಕಟ್ಟೆಯ ಜನವರಿ 14ರ ಹಬ್ಬದ ಮುಂಚಿನ ನೊವೆನಾದಲ್ಲಿ, ಅಂದರೆ ಒಂಬತ್ತು ದಿನದ ಪ್ರಾರ್ಥನೆಯಲ್ಲಿ, ಒಂದು ಸಂಜೆ ಲೂಕನ ಸುವಾರ್ತೆಯ 18ನೇ ಅಧ್ಯಾಯದ, ನ್ಯಾಯ ಕೇಳಿ ಮತ್ತೆ ಮತ್ತೆ ಹೋದ ವಿಧವೆಯ ಮೇಲೆ ಪ್ರವಚನ ಇತ್ತು. ದೇವರಿಗೂ ಹೆದರದ ನ್ಯಾಯಾಧೀಶ ಅವಳ ಕಾಟ ತಾಳಲಾರದೆ ನ್ಯಾಯ ಕೊಟ್ಟ. ಇದನ್ನು ಕೇಳಿ ದೇವರಿಗೂ ಕಾಟ ಕೊಟ್ಟರೆ ಕೆಲಸ ಆಗುತ್ತದೆ ಅಂದುಕೊಳ್ಳುವವರಿದ್ದಾರೆ. ಯೇಸು ಹೇಳಿದ್ದು ಹಾಗಲ್ಲ. ಅಂಥವನೇ ಕಿವಿಗೊಟ್ಟ ಮೇಲೆ ತಂದೆ ಕೇಳದೆ ಇರುತ್ತಾರಾ? ಕಾಟ ಕೊಡಬೇಕಾಗಿಲ್ಲ, ಹೋಗುವುದನ್ನು ನಿಲ್ಲಿಸಬಾರದು ಅಷ್ಟೆ.

ನಿಲ್ಲಿಸದವರು ಅಂದರೆ ನಮ್ಮ ವ್ಹಡ್ಲಿಮಾಂಯ್, ನಮ್ಮ ಅಜ್ಜಿ. ಆಟಿ ತಿಂಗಳ ಮಳೆಯಲ್ಲಿ ಮನೆಯ ಕೆಂಪು ನೆಲ ತಣ್ಣಗೆ ಕೊರೆಯುತ್ತಿತ್ತು. ತೇರ್ಸ್‌ಗೆ, ಅಂದರೆ ಸಂಜೆಯ ಜಪಮಾಲೆ ಪ್ರಾರ್ಥನೆಗೆ, ಚಾಪೆ ಕೇಳಿದರೆ ಕೊಡುತ್ತಿರಲಿಲ್ಲ. ಆ ಚಳಿ ಮೊಣಕಾಲಿನಿಂದ ಮೇಲೆ ಹತ್ತಿ ಸೊಂಟಕ್ಕೆ ಬರುತ್ತಿತ್ತು. ಈಗಲೂ ಚರ್ಚಿನ ಬರಿ ನೆಲಕ್ಕೆ ಮೊಣಕಾಲು ತಾಗಿದರೆ ಮೊದಲು ನೆನಪಾಗುವುದು ಅವರ ದನಿ, ಆಮೇಲೆ ಪ್ರಾರ್ಥನೆ. ಮರಿಯಮ್ಮನಿಗೆ ಹೇಳುವ ನಮಾನ್ ಮರಿಯೆ ಪ್ರಾರ್ಥನೆ 53 ಸಲ ಮುಗಿದರೂ ಏಳುವ ಹಾಗಿಲ್ಲ. ಬಾಂಬೆಗೆ ಹೋಗಿ ಕಾಗದ ಬರೆಯುವುದನ್ನೇ ಬಿಟ್ಟಿದ್ದ ಚಿಕ್ಕಪ್ಪನಿಗೆ ಇನ್ನೊಂದು. ವರ್ಷಗಟ್ಟಲೆ ಅದೇ ಮಾತು, ಅದೇ ರಾಗ. ನಮಗೆ ನಿದ್ದೆ, ಅವರಿಗೆ ಅವಸರವೇ ಇಲ್ಲ. ದಾರಿ ತಪ್ಪಿದ ಮಗ ಅಗಸ್ಟೀನನಿಗಾಗಿ ಅತ್ತು ಅತ್ತು ಬೇಡಿದ ಸಂತ ಮೋನಿಕಾರ ಕಥೆ ಅವರಿಗೆ ಬಾಯಿಪಾಠ. ಮಗನಿಗೆ 387ರಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನ ಆಯಿತು, ಅದೇ ವರ್ಷ ತಾಯಿ ತೀರಿಕೊಂಡರು. ಇಸವಿ ಎಲ್ಲ ವ್ಹಡ್ಲಿಮಾಂಯ್‌ಗೆ ಬೇಕಿರಲಿಲ್ಲ. ‘ನೋಡಿಯೇ ಹೋದರಲ್ಲ’ ಎನ್ನುತ್ತಿದ್ದರು.

ಚಿಕ್ಕಪ್ಪ ಬಂದರು. ಕೆಮ್ಮಿಕೊಂಡು, ಒಂದು ಚೀಲ ಹಿಡಿದುಕೊಂಡು. ಅವತ್ತಿನ ತೇರ್ಸ್‌ನಲ್ಲೂ ಆ ಇನ್ನೊಂದು ಇತ್ತು. ಮರುದಿನವೂ ಇತ್ತು. ‘ಚಿಕ್ಕಪ್ಪ ಬಂದಾಯ್ತಲ್ಲ, ಇನ್ನು ಯಾಕೆ?’ ಎಂದು ಗೊಣಗಿದೆವು. ‘ಬಾಂಬೆಯಲ್ಲಿ ಬೇರೆಯವರ ಮಕ್ಕಳಿಲ್ವಾ?’ ಅಂದರು.

ಈಗ ತೇರ್ಸ್ ಹೊತ್ತಿಗೆ ಟಿವಿ. ಮಕ್ಕಳನ್ನು ಬೈದು ಏನು ಪ್ರಯೋಜನ, ರಿಮೋಟ್ ಇರುವುದು ದೊಡ್ಡವರ ಕೈಯಲ್ಲೇ. ನೊವೆನಾದ ಒಂಬತ್ತು ದಿನ ಬಿಕರ್ನಕಟ್ಟೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ. ಹತ್ತನೇ ದಿನಕ್ಕೆ, ಕೇಳಿದ್ದು ಸಿಗಲಿಲ್ಲ ಎಂದು ಬೇರೆ ಪುಣ್ಯಕ್ಷೇತ್ರ ಹುಡುಕುವವರು ಜಾಸ್ತಿ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಚರ್ಚಿಗೆ ಹೋಗಿ, ಖಂಡಿತ ಹೋಗಿ. ಆದರೆ ಬಾಲಯೇಸು ಕೊಡಲಿಲ್ಲ ಎಂದು ಸಂತ ಲಾರೆನ್ಸರ ಹತ್ತಿರ ಅಪೀಲು ಹಾಕಬೇಡಿ!

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು, ಈ ಸಂಕಟದ ಪಾತ್ರೆ ದೂರವಾಗಲಿ ಎಂದು ಬೇಡಿ, ಮೂರನೇ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದರು ಎಂದು ಮತ್ತಾಯನ ಸುವಾರ್ತೆಯಲ್ಲಿದೆ. ಆ ಪಾತ್ರೆ ದೂರವಾಗಲಿಲ್ಲ. ಸಂತ ಪೌಲರೂ ತಮ್ಮ ದೇಹವನ್ನು ಕಾಡುತ್ತಿದ್ದ ಮುಳ್ಳು ತೆಗೆಯಿರಿ ಎಂದು ಮೂರು ಸಲ ಬೇಡಿದರು. ಮುಳ್ಳು ಹಾಗೇ ಉಳಿಯಿತು, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಮಾತು ಸಿಕ್ಕಿತು. ನಾನು ಬೇಡುತ್ತಿರುವುದು ತಂಗಿಗಾಗಿ. ಅವಳ ಡಯಾಲಿಸಿಸ್ ಇನ್ನೂ ನಡೆಯುತ್ತಿದೆ. ಹಿಂದಿನ ಗುರುವಾರ ಆಸ್ಪತ್ರೆಯಲ್ಲಿ ಇಬ್ಬರೂ ಸೇರಿ ತೇರ್ಸ್ ಮುಗಿಸಿದೆವು. ನಾನು ಜಪಮಾಲೆ ಮಡಚುವಾಗ ಅವಳು ತಡೆದಳು. ಪಕ್ಕದ ಬೆಡ್ಡಿನ ಅಮ್ಮನ ಹೆಸರು ಕೇಳಿ, ಇನ್ನೊಂದು ನಮಾನ್ ಮರಿಯೆ ಶುರು ಮಾಡಿದಳು. ದೇವರಿಗೆ ಸ್ತೋತ್ರ. ಈಗ ನನ್ನ ಪ್ರಾರ್ಥನೆಯಲ್ಲೂ ಎರಡು ಹೆಸರು.