ಸೌತೆ ಬೇರಿನ ಪರೀಕ್ಷೆ, ಐದನೇ ಸುತ್ತು: ಬರೀ ನೀರಿನ ತಟ್ಟೆಯೂ ಫೇಲು

ಹದಿನೆಂಟು ದಿನ ಹಾಳಾದ ಮೇಲೆ ಕಳ್ಳ ಸಿಕ್ಕ. ಇದ್ದದ್ದು ನಮ್ಮ ಮನೆಯಲ್ಲೇ.

ಗದ್ದೆ ಬದುವಿನ ಪುಂಡಿಪಲ್ಯದಲ್ಲಿ 2,4-ಡಿ ಎಂಬ ಕಳೆನಾಶಕ ಉಳಿದಿದೆಯಾ ಅಂತ ಸೌತೆ ಬೀಜದ ಬೇರು ಅಳೆದು ನೋಡುತ್ತಿದ್ದೇನೆ. ತಟ್ಟೆ, ಒದ್ದೆ ಕಾಗದದ ಮೇಲೆ ಬೀಜ, ಕತ್ತಲು, ನಾಲ್ಕು ದಿನ. ಕಳೆನಾಶಕ ಇದ್ದರೆ ಬೇರು ಮೊಟಕು, ಬರೀ ನೀರಿನಲ್ಲಿ ಉದ್ದ. ತೊಂದರೆ ಏನೆಂದರೆ 0.1 ಪಿಪಿಎಂ (ಹತ್ತು ಲಕ್ಷಕ್ಕೆ 0.1 ಪಾಲು) 2,4-ಡಿ ಹಾಕಿದ ತಟ್ಟೆಯಲ್ಲೂ 6 ಮಿ.ಮೀ. ಬೇರು, ಬರೀ ನೀರಿನ ತಟ್ಟೆಯಲ್ಲೂ 6 ಮಿ.ಮೀ. ಬೇರಿನ ತುದಿ ದಪ್ಪಗೆ, ಕಡ್ಲೆಕಾಯಿ ಮೊಳಕೆಯ ಹಾಗೆ.

ಮೊದಲು ಬೋರ್‌ವೆಲ್ ನೀರನ್ನು ಬೈದೆ. ಸಿಂಧನೂರಿನ ನಮ್ಮ ಬೋರಿನ ಉಪ್ಪು ಚಹಾದಲ್ಲೇ ಗೊತ್ತಾಗುತ್ತದೆ. ಫಿಲ್ಟರ್ ನೀರು ಹಾಕಿದೆ, ಬದಲಾಗಲಿಲ್ಲ. ಆಮೇಲೆ ಬೀಜದ ಅಂಗಡಿಯವನನ್ನು ಬೈದೆ. ‘ಔಷಧಿ ಹಚ್ಚದ ಬೀಜ’ ಅಂತ ಮೂರು ಸಲ ಹೇಳಿದರೂ ಗುಲಾಬಿ ಬಣ್ಣದ ಥೈರಾಮ್ ಎಂಬ ಶಿಲೀಂಧ್ರನಾಶಕ ಬಳಿದವನ್ನೇ ಕಟ್ಟಿಕೊಟ್ಟಿದ್ದ. ಕೇಳಿದರೆ, “ಬಣ್ಣ ಚಂದ ಐತಲ್ರೀ!” ಹೊಲದ ಹಣ್ಣಿನಿಂದ ನಾನೇ ಬೀಜ ತೆಗೆದು ಒಣಗಿಸಿದೆ. ಆಗಲೂ 6.

ಸುಳಿವು ಕೊಟ್ಟದ್ದು ಪಕ್ಕದ ಹೊಲದ ಹತ್ತಿ. ಎಲೆ ಬೆಂಡೆ ಎಲೆಯ ಹಾಗೆ ಸೀಳಿ ಮುದುಡಿತ್ತು. ಯಾರೋ ಭತ್ತಕ್ಕೆ ಹೊಡೆದ ಎಣ್ಣಿ (ಕಳೆನಾಶಕ) ಗಾಳಿಗೆ ಬಂದಿದೆ ಎಂದರು. ಗಾಳಿಗೆ! ತಟ್ಟೆ ಇಟ್ಟ ತಗಡಿನ ಕೋಣೆಗೆ ಓಡಿದೆ. ಮೂಲೆಯಲ್ಲಿ ಅಣ್ಣನ ಡಬ್ಬಿ: 2,4-ಡಿ ಈಥೈಲ್ ಎಸ್ಟರ್ 38% ಇಸಿ. ಮುಚ್ಚಳ ಅರೆಬರೆ. ಅದೇ 2,4-ಡಿಯ ಇನ್ನೊಂದು ರೂಪ, ಅಮೈನ್ ಸಾಲ್ಟ್ ಆಗಿದ್ದರೆ ಇಷ್ಟು ಹಾರುತ್ತಿರಲಿಲ್ಲ. ಎಸ್ಟರ್ ನಮ್ಮ ಬೇಸಿಗೆಯ ಕಾವಿಗೆ ಆವಿಯಾಗುತ್ತದೆ. ಅಣ್ಣನನ್ನು ಕೇಳಿದರೆ, “ಮುಚ್ಚೀನೋ ಇಲ್ಲೋ, ಯಾರಿಗ್ ನೆನಪೈತಿ?”

ಹೊಸ ತಟ್ಟೆ, ಹೊಸ ಕಾಗದ, ಅತ್ತೆಯ ಮನೆಯ ಅಟ್ಟ. ನಾಲ್ಕನೇ ದಿನ ಬರೀ ನೀರಿನ ತಟ್ಟೆಯಲ್ಲಿ 43 ಮಿ.ಮೀ. ನಾನು ಕುಣಿದದ್ದನ್ನು ನೋಡಿ ಅತ್ತೆ ಲಾಟರಿ ಹತ್ತಿತೇನೋ ಎಂದುಕೊಂಡರು.

ಪುಂಡಿಪಲ್ಯದ ತಟ್ಟೆ 24. ಅದನ್ನೇ ಶೇಷ ಎಂದು ಕೂಗಲಾರೆ. ಪುಂಡಿ ಹುಳಿ, ಹುಳಿಗೂ ಬೇರು ಮೊಟಕಾಗುತ್ತದೆ. ಜೊತೆಗೆ ಶೇಷಕ್ಕೆ ಪ್ರತ್ಯೇಕ ಮಿತಿ ಇಲ್ಲದ ಕಡೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳುವುದು ಕೆಜಿಗೆ 0.01 ಮಿ.ಗ್ರಾಂ, ನನ್ನ ಸೌತೆ ಅಷ್ಟು ಚೂಟಿಯಲ್ಲ.

ನಡುವೆ ತಲೆಗೆ ಹತ್ತಿದ ಇನ್ನೊಂದು ಹುಳ: ಗ್ಲೈಫೋಸೇಟ್, ಅದೂ ಕಳೆನಾಶಕವೇ. ಅದು ತಗುಲಿದ ಗಿಡದಲ್ಲಿ ಶಿಕಿಮಿಕ್ ಆಮ್ಲ ಗುಡ್ಡೆ ಬೀಳುತ್ತದೆ, ಪೀರಿಯಾಡಿಕ್ ಆಮ್ಲ ಹಾಕಿದ ಮೇಲೆ 380 ನ್ಯಾನೋಮೀಟರ್‌ನಲ್ಲಿ ಅಳೆಯಬಹುದು. ಫೋನ್ ಕ್ಯಾಮೆರಾಗೆ ಆ ಬೆಳಕು ಕಾಣುವುದು ಕಷ್ಟ, ನೇರಳಾತೀತ ಎಲ್‌ಇಡಿ ಬೇಕು. ತರಿಸಿದ್ದು ಬಂತು, ಡಬ್ಬಿಯೊಳಗೆ ಹಸಿರು ಎಲ್‌ಇಡಿ. ಅದಿರಲಿ.

ಈಗ ಹುಳಿಯ ಅನುಮಾನ ಕಳೆಯಲು ಪುಂಡಿಯ ರಸಕ್ಕೆ ಅಡುಗೆ ಸೋಡಾ ಹಾಕಿ ಪಿಎಚ್ 7ಕ್ಕೆ (ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) ತಂದೆ. ಜೋಡಿ ತಟ್ಟೆಗೆ ನಿಂಬೆಉಪ್ಪು ಮತ್ತು ಸೋಡಾ, ಅಷ್ಟೇ ಪಿಎಚ್. ಎರಡನ್ನೂ ಅಟ್ಟಕ್ಕೇರಿಸಿದ್ದೇನೆ. ಗುರುವಾರ ಸಂಜೆ ಅಳೆಯಬೇಕು. ಹೋಲಿಕೆಗೆಂದು ಹಿತ್ತಲಿನಿಂದ ಕಿತ್ತಿಟ್ಟಿದ್ದ ಸೊಪ್ಪನ್ನು ಅವ್ವ ಬ್ಯಾಳಿ ಜೊತೆ ಕುದಿಸಿಬಿಟ್ಟಿದ್ದಾಳೆ, ಮತ್ತೆ ಕೀಳಬೇಕು.