ಹಾಡದ ಹಕ್ಕಿಗೆ ಕಾಳು ದಂಡವಂತೆ

ಭಾನುವಾರ ನಾದಿನಿ ಮನೆಯವರು ಊಟಕ್ಕೆ ಬಂದಿದ್ದರು. ಅವಳ ಗಂಡ ಕೈ ತೊಳೆದು ಬಂದವರೇ ಕ್ಯಾನರಿ ಪಂಜರದ ಮುಂದೆ ನಿಂತು ಸಿಳ್ಳೆ ಹೊಡೆದರು, ಚಿಟಿಕೆ ಹಾಕಿದರು. ಹಕ್ಕಿ ಮುದುಡಿಕೊಂಡು ಕೂತೇ ಇತ್ತು.

"ಏನ್ ಮಾವ, ಹಾಡದ ಹಕ್ಕಿಗೆ ಕಾಳು ಹಾಕೋದು ದಂಡ ಅಲ್ವಾ?"

"ಅವನು ರಜೆ ಹಾಕಿದಾನೆ ಬಿಡಿ ಅಳಿಯಂದಿರೇ" ಅಂದರು ನಮ್ಮ ಮಾವ.

ಎಲ್ಲರೂ ನಕ್ಕೆವು. ಆದರೆ ಮಾವ ರಿಟೈರ್ ಆದವರು. ಕಾಳು ದಂಡ ಅನ್ನುವಾಗ ಅವರ ಮುಖ ಒಂದು ಕ್ಷಣ ಇಳಿದದ್ದು ನನಗೆ ಕಂಡಿತು. ವಾರವೆಲ್ಲ ಅದೇ ಮಾತು, ಅದೇ ಮುಖ. ಹೇಳಿದವರು ಕೆಟ್ಟವರೇನಲ್ಲ. ಹೂ ಬಿಡದ ಗಿಡ ಕಂಡರೂ ಕಿತ್ತುಹಾಕಿ ಅನ್ನುವ ಜಾತಿ, ಅಷ್ಟೇ.

ಹಕ್ಕಿಗೆ ಕಾಯಿಲೆಯೂ ಇಲ್ಲ. ವರ್ಷಕ್ಕೊಮ್ಮೆ ಹಳೇ ಪುಕ್ಕ ಉದುರಿ ಹೊಸದು ಬರುತ್ತದೆ. ಆಗ ಗಂಡು ಕ್ಯಾನರಿ ಹಾಡುವುದು ತೀರಾ ಕಡಿಮೆ. ಪುಕ್ಕ ಬೆಳೆಯಲು ಪ್ರೋಟೀನ್ ಬೇಕು. ಹಾಗಾಗಿ ಜನ್ಮದಲ್ಲಿ ಮೊಟ್ಟೆ ಮುಟ್ಟದ ಮಾವ ಬೇರೆ ಪಾತ್ರೆ ಇಟ್ಟುಕೊಂಡು ಮೊಟ್ಟೆ ಬೇಯಿಸುತ್ತಾರೆ! ಮೌನ ಅಂದರೆ ಸುಮ್ನೆ ಕೂತಿರುವುದೂ ಅಲ್ಲ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಫರ್ನಾಂಡೊ ನಾಟೆಬೋಮ್ 1980ರ ದಶಕದಲ್ಲಿ ಇದನ್ನೇ ಕೆದಕಿದರು. ಮರಿ ಮಾಡುವ ಕಾಲ ಮುಗಿದ ಮೇಲೆ ಕ್ಯಾನರಿಯ ಮಿದುಳಲ್ಲಿ ಹಾಡಿನ ಭಾಗ ಕುಗ್ಗುತ್ತದೆ, ವಸಂತದ ಹೊತ್ತಿಗೆ ಮತ್ತೆ ಬೆಳೆಯುತ್ತದೆ. ದೊಡ್ಡ ಹಕ್ಕಿಯಲ್ಲೂ ಹೊಸ ನರಕೋಶಗಳು ಹುಟ್ಟುತ್ತವೆ. ಮುಂದಿನ ಹಾಡಲ್ಲಿ ಹೊಸ ಪಲುಕುಗಳು ಸೇರಿರುತ್ತವೆ. ನಾದಿನಿಯ ಗಂಡನಿಗೆ ಇದನ್ನು ಹೇಳಬೇಕಿತ್ತು. ಹೇಳಿದ್ದರೆ "ಹೊಸ ಹಾಡು ಯಾವಾಗ ರಿಲೀಸು?" ಅಂತಿದ್ದರು.

ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಇಟ್ಟುಕೊಂಡಿದ್ದರು. ಕಾರ್ಬನ್ ಮಾನಾಕ್ಸೈಡ್ ಮನುಷ್ಯನಿಗಿಂತ ಮೊದಲು ಹಕ್ಕಿಗೆ ತಟ್ಟುತ್ತದೆ. ಅದು ತೂಕಡಿಸಿ ಕೋಲಿನಿಂದ ಬಿದ್ದರೆ ಗಣಿಯವರು ಹೊರಗೆ ಓಡಬೇಕು. ಹಕ್ಕಿಗೆ ಮತ್ತೆ ಉಸಿರು ಬರಲಿ ಅಂತ ಆಮ್ಲಜನಕದ ಪುಟ್ಟ ಸಿಲಿಂಡರ್ ಜೋಡಿಸಿದ ಪಂಜರಗಳೂ ಇದ್ದವು. ಅಲ್ಲಿ ಹಕ್ಕಿ ಬಾಯಿ ಮುಚ್ಚಿತು ಅಂದರೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಕಾಳಿನ ಲೆಕ್ಕ ಯಾರೂ ತೆಗೆಯುತ್ತಿರಲಿಲ್ಲ.

ಹಾಗಂತ ನಾವೇನು ದೊಡ್ಡ ಮನಸ್ಸಿನವರಾ? ಗಂಡು ಕ್ಯಾನರಿ ಹಾಡುವುದು ಹೆಣ್ಣನ್ನು ಕರೆಯಲು, ಇದು ನನ್ನ ಜಾಗ ಅಂತ ಸಾರಲು. ಅದಕ್ಕೇ ಸಾಕುವವರು ಗಂಡನ್ನು ಒಂಟಿಯಾಗಿಡುತ್ತಾರೆ, ಹಾಡು ಜಾಸ್ತಿ ಅಂತ. ಬೆಳಗಿನ ಕಾಫಿ ಜೊತೆ ನಾವು ಸವಿಯುತ್ತಿದ್ದದ್ದು ಉತ್ತರವೇ ಬರದ ಕರೆಯನ್ನು.

"ಒಂದು ಹೆಣ್ಣು ತರೋಣವಾ ಮಾವ?" ಅಂತ ನಿನ್ನೆ ಕೇಳಿದೆ. "ತಂದರೆ ಹಾಡೋದು ಕಡಿಮೆ ಮಾಡ್ತಾನಮ್ಮ" ಅಂದರು. "ಮಾಡಲಿ ಬಿಡಿ" ಅಂದೆ. ಮಾವ ಯೋಚಿಸುತ್ತಿದ್ದಾರೆ. ಅತ್ತೆ ಮಾತ್ರ, ಮರಿಗಳಾದರೆ ಪಂಜರ ತೊಳೆಯೋರು ಯಾರು ಅಂತ ಮೊದಲು ತೀರ್ಮಾನ ಆಗಲಿ ಅಂತಿದ್ದಾರೆ.